ಪಾಲಿಮರ್ ಪಿಸ್ತೂಲಿನ ಮೈಮೇಲಿನ ಗೆರೆ, ಗುಳಿ, ಕಲೆ

ಪಾಲಿಮರ್ ಫ್ರೇಮಿನ, ಎಂದರೆ ಹಿಡಿಕೆ ಸೇರಿದ ಕೆಳಮೈ ಪ್ಲಾಸ್ಟಿಕ್ಕಿನದಾಗಿರುವ, ಪಿಸ್ತೂಲನ್ನು ಹೊಸದಾಗಿ ಕೈಗೆ ಪಡೆದವರು ಕೆಲವೇ ದಿನಗಳಲ್ಲಿ ಅದರ ಮೈಮೇಲೆ ಏನಾದರೊಂದು ದೋಷವನ್ನು ಕಂಡುಹಿಡಿಯುತ್ತಾರೆ. ಟ್ರಿಗರ್ ಗಾರ್ಡಿನ ನಡುವೆ ಹಾದುಹೋಗುವ ಗೆರೆ ಒಬ್ಬರಿಗೆ ಬಿರುಕಿನಂತೆ ಕಾಣುತ್ತದೆ. ಹಿಂದೆ ಮುಂದೆ ಸರಿಯುವ ಉಕ್ಕಿನ ಮೇಲ್ಭಾಗವಾದ ಸ್ಲೈಡಿನ ಕೆಳಗಿನ ಸಂದು ಎಡಕ್ಕಿಂತ ಬಲಕ್ಕೆ ತುಸು ಅಗಲವಾಗಿದೆ ಎಂಬುದು ಇನ್ನೊಬ್ಬರ ಚಿಂತೆ. ಮತ್ತೊಬ್ಬರು ಸ್ಲೈಡನ್ನು ಬಿಚ್ಚಿ, ಒಳಗೆ ತಾಮ್ರದ ಬಣ್ಣದ ಜಿಡ್ಡನ್ನು ನೋಡಿ, ಹೊಸ ಆಯುಧಕ್ಕೆ ಆಗಲೇ ತುಕ್ಕು ಹಿಡಿದಿದೆಯೆಂದು ಗಾಬರಿಯಾಗುತ್ತಾರೆ. ಇವುಗಳಲ್ಲಿ ಬಹುಪಾಲು ದೋಷಗಳೇ ಅಲ್ಲ. ಉಕ್ಕು ಮತ್ತು ಮರವನ್ನು ನೋಡಿ ಪಳಗಿದ ಕಣ್ಣಿಗೆ ಪ್ಲಾಸ್ಟಿಕ್ಕಿನ ಮೈಯನ್ನು ಓದುವ ಅಭ್ಯಾಸವಿಲ್ಲದಿರುವುದೇ ಈ ಗಾಬರಿಯ ಮೂಲ ಎಂದು ನನಗೆ ಅನ್ನಿಸಿದೆ.

ನಾನು ಆಯುಧಗಳ ಪರಿಣತನಲ್ಲ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ನುಗ್ಗಿಸುವ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರಗಳ ಮುಂದೆ ನಿಂತೇ ತಲೆಗೂದಲನ್ನು ಬೆಳ್ಳಗಾಗಿಸಿಕೊಂಡವನು. ಅಕ್ಕನ ಮಗ ಪೊಲೀಸ್ ಇಲಾಖೆಗೆ ಸೇರಿ, ಪಾಲಿಮರ್ ಪಿಸ್ತೂಲು ಅವನ ಕೈಗೆ ಬಂದ ಮೇಲೆ ಈ ವಿಷಯ ನನ್ನ ಬಳಿಗೂ ಬಂತು. ಅವನು ಅದಕ್ಕೂ ಮೊದಲು ಬಳಸಿದ್ದು ಪಶ್ಚಿಮ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲನ್ನು. ಪೂರ್ತಿ ಉಕ್ಕಿನದು, ಖಾಲಿ ಇದ್ದಾಗಲೂ ಸುಮಾರು 900 ಗ್ರಾಂ ತೂಗುವಂಥದು. ಅದರ ಮೈಮೇಲೆ ಒಂದು ಗೆರೆ ಕಂಡಿತೆಂದರೆ ಅದಕ್ಕೊಂದು ಕಾರಣವಿರಲೇಬೇಕಿತ್ತು: ಬಿದ್ದಿರಬೇಕು, ಉಜ್ಜಿರಬೇಕು, ಇಲ್ಲವೇ ಸೀಳಿರಬೇಕು. ಹೀಗಾಗಿ ಹೊಸ ಪಿಸ್ತೂಲಿನ ಫ್ರೇಮಿನಲ್ಲಿ ಪಿನ್ನಿನ ರಂಧ್ರದಿಂದ ಹೊರಟ ಕೂದಲೆಳೆಯಂಥ ಗೆರೆಯೊಂದನ್ನು ಕಂಡ ಕೂಡಲೇ ಅವನು ಫೋಟೊ ಕಳುಹಿಸಿ, “ಮಾವಾ, ಇದು ಬಿರುಕು ಬಿಟ್ಟೈತೇನು ನೋಡು, ಸಾಹೇಬರಿಗೆ ಬರೆದು ಕೊಡ್ಲೋ ಬೇಡ್ವೋ” ಎಂದು ಕೇಳಿದ. ಫೋಟೊ ನೋಡಿ ಹೇಳುವ ಮಾತು ಅದಲ್ಲವೆಂದೆ. ಮುಂದೆ ಅವರ ಶಸ್ತ್ರಾಗಾರದಲ್ಲಿ ಆಯುಧಗಳ ತಪಾಸಣೆ, ದುರಸ್ತಿ ನೋಡಿಕೊಳ್ಳುವ ಆರ್ಮರರ್ ಅವರ ಒಪ್ಪಿಗೆಯಿಂದ, ಅವರ ಎದುರಿಗೇ, ಗುಂಡು ತೆಗೆದು ಬಿಚ್ಚಿಟ್ಟ ಪಿಸ್ತೂಲನ್ನು ನೋಡುವ ಅವಕಾಶ ಸಿಕ್ಕಿತು. ಆ ಗೆರೆಯ ಮಾತಿಗೆ ಮುಂದೆ ಬರುತ್ತೇನೆ.

ಅದಕ್ಕೂ ಮೊದಲು ಈ ಪಿಸ್ತೂಲುಗಳಲ್ಲಿ ಪ್ಲಾಸ್ಟಿಕ್ ಮಾಡುವ ಕೆಲಸವೇನು, ಉಕ್ಕು ಮಾಡುವ ಕೆಲಸವೇನು ಎಂಬುದನ್ನು ಬೇರೆ ಮಾಡಿ ನೋಡಬೇಕು. ಬಂದೂಕಿಗೆ ನೈಲಾನ್ ಎಂಬ ಪ್ಲಾಸ್ಟಿಕ್ಕನ್ನು ಬಳಸುವುದು ಹೊಸ ಸಂಗತಿಯಲ್ಲ. ಅಮೆರಿಕದ ರೆಮಿಂಗ್ಟನ್ ಕಂಪನಿ 1959ರಲ್ಲೇ ನೈಲಾನ್ ಮೈಯಿನ .22 ರೈಫಲನ್ನು ಮಾರುಕಟ್ಟೆಗೆ ತಂದಿತ್ತು. ಪಿಸ್ತೂಲುಗಳಲ್ಲಿ ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪನಿಯ ವಿಪಿ70 ಎಂಬುದು 1970ರಲ್ಲಿ ಬಂತು, ಆದರೆ ಹೆಚ್ಚು ಹೆಸರು ಮಾಡಲಿಲ್ಲ. ಹೆಸರು ಮಾಡಿದ್ದು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ರೂಪಿಸಿದ ಗ್ಲಾಕ್ 17. ಅಲ್ಲಿಯ ಸೈನ್ಯ 1982ರಲ್ಲಿ ಅದನ್ನು ಪಿ80 ಎಂಬ ಹೆಸರಿನಲ್ಲಿ ಒಪ್ಪಿಕೊಂಡಿತು. ಗ್ಲಾಕ್ ಅವರು ಅದಕ್ಕೂ ಮೊದಲು ಪಿಸ್ತೂಲು ಮಾಡಿದವರಲ್ಲ. ಪರದೆ ಕಟ್ಟುವ ಸರಳು, ಸೈನಿಕರ ಚಾಕು ಇಂಥವನ್ನು ಮಾಡುತ್ತಿದ್ದವರು, ಪ್ಲಾಸ್ಟಿಕ್ ಅಚ್ಚಿನ ಕೆಲಸ ಬಲ್ಲವರು. ಮೋಲ್ಡಿಂಗ್ ಶೆಡ್ಡಿನಲ್ಲಿ ಬೆಳೆದ ನನಗೆ ಈ ಸಂಗತಿ ವಿಶೇಷ ಖುಷಿ ಕೊಡುತ್ತದೆಂದು ಒಪ್ಪಿಕೊಳ್ಳಬೇಕು. ಎಂಬತ್ತರ ದಶಕದಲ್ಲಿ ಈ ‘ಪ್ಲಾಸ್ಟಿಕ್ ಪಿಸ್ತೂಲು’ ವಿಮಾನ ನಿಲ್ದಾಣದ ಎಕ್ಸ್‌ರೇಗೆ ಕಾಣುವುದಿಲ್ಲ ಎಂಬ ಗುಲ್ಲು ಅಮೆರಿಕದಲ್ಲಿ ಎದ್ದಿತ್ತು. ಸ್ಲೈಡು, ನಳಿಕೆ, ಸ್ಪ್ರಿಂಗು ಎಲ್ಲವೂ ಉಕ್ಕಿನವೇ ಆಗಿರುವಾಗ ಆ ಮಾತಿನಲ್ಲಿ ಹುರುಳಿರಲಿಲ್ಲ.

ಗುಂಡು ಹಾರುವಾಗಿನ ಒತ್ತಡವನ್ನು ಹೊರುವುದು ನಳಿಕೆ ಮತ್ತು ಸ್ಲೈಡು. ಎರಡೂ ಉಕ್ಕಿನವು, ಆ ಕ್ಷಣದಲ್ಲಿ ಒಂದಕ್ಕೊಂದು ಬಿಗಿದುಕೊಂಡಿರುವಂಥವು. ನಳಿಕೆಯನ್ನು ಕೆಳಗೆಳೆದು ಬಿಡಿಸುವ ಲಾಕಿಂಗ್ ಬ್ಲಾಕ್ ಕೂಡ ಉಕ್ಕಿನದೇ. ಸ್ಲೈಡು ಹಿಂದೆ ಮುಂದೆ ಓಡುವುದು ಪ್ಲಾಸ್ಟಿಕ್ಕಿನ ಮೇಲಲ್ಲ. ಗ್ಲಾಕ್‌ನಲ್ಲಿ ಫ್ರೇಮಿನೊಳಗೆ ಅಚ್ಚು ಹೊಯ್ಯುವಾಗಲೇ ಹುದುಗಿಸಿದ ನಾಲ್ಕು ಪುಟ್ಟ ಉಕ್ಕಿನ ಹಳಿಗಳ ಮೇಲೆ. ಮುಂದೆ ಎರಡು, ಹಿಂದೆ ಎರಡು, ಒಂದೊಂದೂ ಬೆರಳ ತುದಿಯಷ್ಟೇ. ಸಿಗ್ ಸಾವರ್ ಕಂಪನಿಯ ಪಿ320 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳಿಗಳೂ ಟ್ರಿಗರಿನ ಭಾಗಗಳೂ ಸೇರಿದ ಉಕ್ಕಿನ ಚೌಕಟ್ಟನ್ನೇ ಬೇರೆಯಾಗಿ ಮಾಡಿದೆ. ಕಾನೂನಿನ ಕಣ್ಣಿಗೆ ಆ ಚೌಕಟ್ಟೇ ಪಿಸ್ತೂಲು, ಹೊರಗಿನ ಪ್ಲಾಸ್ಟಿಕ್ ಬರಿಯ ಹಿಡಿಕೆ. ಒಟ್ಟಿನಲ್ಲಿ ಪಾಲಿಮರ್ ಫ್ರೇಮಿನ ಕೆಲಸವೆಂದರೆ ಈ ಉಕ್ಕಿನ ತುಣುಕುಗಳನ್ನು ತಂತಮ್ಮ ಜಾಗದಲ್ಲಿ ಹಿಡಿದಿಡುವುದು, ಗುಂಡು ಹಾರಿದಾಗಿನ ಹಿನ್ನೊದೆತವನ್ನು ಕೈಗೆ ಮುಟ್ಟಿಸುವಾಗ ತುಸು ಬಾಗಿ ಅದರ ಏಟನ್ನು ಮಂದಗೊಳಿಸುವುದು. ಬಾಗುವುದು ಅದರ ಗುಣ, ದೌರ್ಬಲ್ಯವಲ್ಲ. ಗ್ಲಾಕ್ 17, ಗುಂಡು ತುಂಬುವ ಪೆಟ್ಟಿಗೆಯಾದ ಮ್ಯಾಗಝೀನ್ ಇಲ್ಲದೆ, 625-630 ಗ್ರಾಂ ತೂಗುವುದೂ ಇದೇ ಕಾರಣಕ್ಕೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕೂದಲೆಳೆ ಗೆರೆಗೆ ಬರೋಣ. ಆರ್ಮರರ್ ಅವರು ಖಾಕಿ ಕಂಬಳಿಯ ಮೇಲೆ ಫ್ರೇಮನ್ನು ಮಲಗಿಸಿ, ಟ್ಯೂಬ್‌ಲೈಟನ್ನು ಆರಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದರು. ಅಡ್ಡ ಬೆಳಕಿನಲ್ಲಿ ನಿಜವಾದ ಬಿರುಕಿಗೆ ಎರಡು ದಂಡೆಗಳು ಕಾಣುತ್ತವೆ, ಒಂದು ದಂಡೆಯ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಇಲ್ಲಿ ನೆರಳಿರಲಿಲ್ಲ. ಗೆರೆ ಕಾಣುತ್ತಿತ್ತು, ಆದರೆ ಆಳವಿರಲಿಲ್ಲ. ಮೈಯ ಹೊಳಪು ಮಾತ್ರ ಅದರ ಎರಡೂ ಬದಿಗೆ ಕೊಂಚ ಬೇರೆಯಾಗಿತ್ತು. ಉಗುರಿನಿಂದ ಅಡ್ಡಲಾಗಿ ಎಳೆದರೆ ಉಗುರು ಸಿಕ್ಕಿಕೊಳ್ಳಲಿಲ್ಲ. ಹಿಡಿಕೆಯನ್ನು ಒತ್ತಿ ತುಸು ತಿರುಚಿದಾಗ ಗೆರೆ ಬಾಯಿ ತೆರೆಯಲೂ ಇಲ್ಲ, ಬಿಳಿಚಿಕೊಳ್ಳಲೂ ಇಲ್ಲ. ಇದನ್ನು ನಮ್ಮ ಶೆಡ್ಡಿನಲ್ಲಿ ವೆಲ್ಡ್ ಲೈನ್ ಎನ್ನುತ್ತೇವೆ. ಕರಗಿದ ಪ್ಲಾಸ್ಟಿಕ್ ಡೈ ಎಂಬ ಅಚ್ಚಿನೊಳಗೆ ಒಂದು ಬಾಯಿಂದ ನುಗ್ಗಿ ಹರಿಯುತ್ತದೆ. ರಂಧ್ರ ಬರಬೇಕಾದ ಕಡೆ ಡೈಯಲ್ಲಿ ಉಕ್ಕಿನ ಕಡ್ಡಿ ನಿಂತಿರುತ್ತದೆ. ಹರಿವು ಆ ಕಡ್ಡಿಯನ್ನು ಬಳಸಿ ಎರಡಾಗಿ ಸೀಳಿ, ಆಚೆ ಬದಿಯಲ್ಲಿ ಮತ್ತೆ ಒಂದಾಗುತ್ತದೆ. ಒಂದಾಗುವ ಹೊತ್ತಿಗೆ ಎರಡೂ ಮುಖಗಳು ತುಸು ತಣ್ಣಗಾಗಿರುವುದರಿಂದ ಅಲ್ಲಿ ಗೆರೆ ಉಳಿಯುತ್ತದೆ. ಆದ್ದರಿಂದಲೇ ಇಂಥ ಗೆರೆ ಸಾಮಾನ್ಯವಾಗಿ ಯಾವುದೋ ರಂಧ್ರದ ಒಂದು ಬದಿಯಿಂದ ಮಾತ್ರ ಹೊರಟು, ಸ್ವಲ್ಪ ದೂರ ಹೋಗಿ ಕರಗಿಹೋಗುತ್ತದೆ.

ಗೊಂದಲವೆಂದರೆ, ನಿಜವಾದ ಬಿರುಕೂ ಪಿನ್ನಿನ ರಂಧ್ರದಿಂದಲೇ ಹೊರಡುವುದುಂಟು. ಹಾಗಾಗಿ ಜಾಗವೊಂದನ್ನೇ ನೋಡಿ ತೀರ್ಮಾನಿಸುವುದು ಸಲ್ಲದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ ಬೇರೊಂದಿದೆ. ಅದನ್ನು ಹೇಳಿದಾಗ ಆರ್ಮರರ್ ಅವರು ಮರುಮಾತಿಲ್ಲದೆ ಒಳಗೆ ಹೋಗಿ ಅದೇ ಲಾಟಿನ ಇನ್ನೊಂದು ಪಿಸ್ತೂಲನ್ನು ತಂದು ಬಿಚ್ಚಿದರು. ಅದರಲ್ಲೂ ಅದೇ ರಂಧ್ರ, ಅದೇ ಬದಿ, ಅದೇ ವಾಲು, ಅದೇ ಗೆರೆ. ಡೈಯಿಂದ ಬಂದ ಗುರುತು ಆ ಡೈಯಲ್ಲಿ ಹುಟ್ಟಿದ ಎಲ್ಲಕ್ಕೂ ಸಮಾನ. ಬಿರುಕು ಅದಾದ ಒಂದಕ್ಕೆ ಮಾತ್ರ ಸೇರಿದ್ದು. ಪ್ಲಾಸ್ಟಿಕ್ ಪಿಸ್ತೂಲಿನ ಮೈಮೇಲೆ ಅನುಮಾನದ ಗುರುತು ಕಂಡಾಗ ಭೂತಗನ್ನಡಿ ಹುಡುಕುವ ಮೊದಲು ಅದರ ಜೊತೆಗಾರನನ್ನು ಪಕ್ಕಕ್ಕಿಟ್ಟು ನೋಡಿರಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ. ಒಂದು ತಯಾರಿಕೆಗೆ ಒಂದಕ್ಕಿಂತ ಹೆಚ್ಚು ಡೈ ಇರಬಹುದು, ಆಗ ಗುರುತುಗಳೂ ಬೇರೆಯಾಗಬಹುದು ಎಂಬುದು ನಿಜ. ಆದರೂ ಒಂದೇ ಪೆಟ್ಟಿಗೆಯಲ್ಲಿ ಬಂದ ನಾಲ್ಕಾರನ್ನು ಜೋಡಿಸಿಟ್ಟರೆ ಹೋಲಿಕೆ ತಾನಾಗಿಯೇ ಕಾಣುತ್ತದೆ. ಇನ್ನೊಂದು ಮಾತನ್ನೂ ಸೇರಿಸಬೇಕು: ವೆಲ್ಡ್ ಲೈನ್ ಇರುವ ಕಡೆ ಪ್ಲಾಸ್ಟಿಕ್ಕಿನ ಬಲ ಸುತ್ತಲಿನದಕ್ಕಿಂತ ಕಡಿಮೆಯೇ. ಡೈ ಮಾಡುವವರಿಗೆ ಇದು ಗೊತ್ತಿರುವುದರಿಂದಲೇ ಪ್ಲಾಸ್ಟಿಕ್ ನುಗ್ಗುವ ಬಾಯಿಯ ಜಾಗವನ್ನು ಹೊಂದಿಸಿ, ಆ ಗೆರೆ ಹೆಚ್ಚು ಭಾರ ಬೀಳದ ಕಡೆ ಬರುವಂತೆ ನೋಡಿಕೊಳ್ಳುತ್ತಾರೆ.

ಟ್ರಿಗರ್ ಗಾರ್ಡಿನ ನಡುವೆ, ಹಿಡಿಕೆಯ ಮುಂಭಾಗ ಮತ್ತು ಹಿಂಭಾಗದಲ್ಲಿ ನೇರವಾಗಿ ಓಡುವ ಗೆರೆಯ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದು ಡೈಯ ಎರಡು ಹೋಳುಗಳು ಕೂಡುವ ಜಾಗ, ಪಾರ್ಟಿಂಗ್ ಲೈನ್. ನಮ್ಮೂರಿನ ಯಾವುದೇ ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ, ಕುಳಿತ ಪ್ಲಾಸ್ಟಿಕ್ ಕುರ್ಚಿಯ ಕೈಯ ಅಂಚನ್ನು ಬೆರಳಿನಿಂದ ಸವರಿದರೆ ಇದೇ ಗೆರೆ ಸಿಗುತ್ತದೆ. ಸೀಟಿನ ಅಡಿಗೆ ಕೈ ಹಾಕಿದರೆ ಒರಟಾದ ಚುಕ್ಕೆ ಸಿಗುತ್ತದೆ, ಅದು ಪ್ಲಾಸ್ಟಿಕ್ ನುಗ್ಗಿದ ಗೇಟಿನ ಗುರುತು. ಪಿಸ್ತೂಲಿನಲ್ಲಿಯೂ ಇವೆರಡೂ ಇರುತ್ತವೆ. ಕೆಲವು ಕಂಪನಿಗಳು ಗೆರೆಯನ್ನು ಉಜ್ಜಿ ನಯ ಮಾಡುತ್ತವೆ, ಕೆಲವು ಹಾಗೆಯೇ ಬಿಡುತ್ತವೆ. ಬಿಟ್ಟದ್ದೇ ನನಗೆ ಮೆಚ್ಚು, ಏಕೆಂದರೆ ಡೈ ಎಷ್ಟು ಚೊಕ್ಕವಾಗಿ ಕೂಡುತ್ತಿತ್ತು ಎಂಬುದನ್ನು ಆ ಗೆರೆಯ ತೆಳುವಿನಲ್ಲೇ ಅಳೆಯಬಹುದು. ಬೆರಳಿಗೆ ಚುಚ್ಚುವಷ್ಟು ಎದ್ದಿದ್ದರೆ ಅದು ಫ್ಲ್ಯಾಶ್. ಡೈ ಸವೆದಿದೆ ಅಥವಾ ಬಿಗಿ ಸಾಲದಾಗಿದೆ ಎಂದರ್ಥ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಅದರಿಂದ ಪಿಸ್ತೂಲಿಗೆ ತೊಂದರೆಯೇನೂ ಇಲ್ಲ. ಮ್ಯಾಗಝೀನ್ ತೂರಿಸುವ ಬಾವಿಯೊಳಗೆ ಕಾಣುವ ದುಂಡು ದುಂಡಾದ ಗುರುತುಗಳು ಡೈಯಿಂದ ಫ್ರೇಮನ್ನು ಹೊರದಬ್ಬಿದ ಇಜೆಕ್ಟರ್ ಪಿನ್ನುಗಳವು. ಅಲ್ಲಲ್ಲಿ ಕಾಣುವ ಒಂಟಿ ಅಂಕಿ ಡೈಯ ಯಾವ ಗುಂಡಿಯಲ್ಲಿ ಆ ತುಣುಕು ಹುಟ್ಟಿತು ಎಂಬುದರ ಲೆಕ್ಕ. ಗಡಿಯಾರದಂತೆ ಸುತ್ತಲೂ ಅಂಕಿ, ನಡುವೆ ಬಾಣ ಇರುವ ಪುಟ್ಟ ವೃತ್ತ ಕಂಡರೆ ಅದು ತಯಾರಾದ ತಿಂಗಳು. ಇವುಗಳಲ್ಲಿ ರಹಸ್ಯವೇನೂ ಇಲ್ಲ.

ಮೈಮೇಲೆ ಬೆಳ್ಳಿಯ ಬಣ್ಣದ ತೆಳುವಾದ ಗೀರುಗಳು ಹರಡಿಕೊಂಡಂತೆ ಕಂಡರೆ ಅದರ ಕಾರಣ ನೀರು. ನೈಲಾನ್ ಗಾಳಿಯ ತೇವವನ್ನು ಹೀರುವ ವಸ್ತು. ನೀರಿನಲ್ಲಿ ನೆನೆಸಿಟ್ಟರೆ ನೈಲಾನ್ 6 ಎಂಬ ಬಗೆ ತನ್ನ ತೂಕದ ಶೇಕಡ 9ರ ಹತ್ತಿರ ನೀರು ಕುಡಿಯುತ್ತದೆ. ಯಂತ್ರಕ್ಕೆ ಹಾಕುವ ಮುನ್ನ ಪ್ಲಾಸ್ಟಿಕ್ಕಿನ ಕಾಳನ್ನು 80 ಡಿಗ್ರಿ ಸುಮಾರಿನಲ್ಲಿ ಗಂಟೆಗಟ್ಟಲೆ ಒಣಗಿಸಬೇಕು. ಅವಸರ ಮಾಡಿದರೆ ಒಳಗಿನ ತೇವ ಕರಗಿದ ಪ್ಲಾಸ್ಟಿಕ್ಕಿನಲ್ಲಿ ಆವಿಯಾಗಿ, ಹರಿವಿನ ದಿಕ್ಕಿನಲ್ಲಿ ಗೀರೆಳೆಯುತ್ತದೆ. ಮೈಮೇಲೆ ಒಂದೆರಡು ಗೀರು ಕಂಡರೆ ಅದು ಬರಿಯ ಅಂದಗೇಡು. ಗಾಜಿನ ಎಳೆ ಬೆರೆಸಿದ ನೈಲಾನ್ ಆಗಿದ್ದರೆ ಆ ಎಳೆಗಳೇ ಮೈಮೇಲೆ ತೇಲಿ ಬೂದು ಬಣ್ಣದ ಸುಳಿಯಂತೆ ಕಾಣುವುದೂ ಉಂಟು.

ಈಗ ಸಂದಿನ ಮಾತು. ನನಗೆ ಬರುವ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಇದರ ಬಗ್ಗೆಯೇ. ಪಿಸ್ತೂಲನ್ನು ಮುಂದಿನಿಂದ, ಎಂದರೆ ಬಿಚ್ಚಿಟ್ಟ ಖಾಲಿ ಪಿಸ್ತೂಲನ್ನು ಮತ್ತೆ ಜೋಡಿಸುವಾಗ ಬಾಯಿಯ ಕಡೆಯಿಂದ, ನೋಡಿದರೆ ಸ್ಲೈಡಿಗೂ ಅದರ ಕೆಳಗಿನ ಫ್ರೇಮಿನ ಮೂತಿಗೂ ನಡುವೆ ಒಂದು ಸಂದು ಕಾಣುತ್ತದೆ. ಅದು ಒಂದು ಬದಿಗೆ ಕೂದಲಿನಷ್ಟು ತೆಳ್ಳಗೆ, ಇನ್ನೊಂದು ಬದಿಗೆ ಕಾಗದ ತೂರುವಷ್ಟು ಅಗಲ. ಕೆಲವೊಮ್ಮೆ ಮೂತಿಯೇ ಕೊಂಚ ಕೆಳಕ್ಕೆ ಬಾಗಿ, ಸ್ಲೈಡಿಗೂ ಅದಕ್ಕೂ ಜಗಳವಾದಂತೆ ತೋರುತ್ತದೆ. ಉಕ್ಕಿನ 1ಎ ಪಿಸ್ತೂಲಿನಲ್ಲಿ ಇಂಥದ್ದು ಕಂಡಿದ್ದರೆ ಆರ್ಮರರ್ ಅದನ್ನು ಬದಿಗಿಡುತ್ತಿದ್ದರೋ ಏನೋ, ಏಕೆಂದರೆ ಅಲ್ಲಿ ಫ್ರೇಮಿನ ಉದ್ದಕ್ಕೂ ಉಕ್ಕನ್ನು ಕಡೆದು ಹಳಿ ಮಾಡಿರುತ್ತಾರೆ. ಪಾಲಿಮರ್ ಪಿಸ್ತೂಲಿನಲ್ಲಿ ಆ ಮೂತಿಗೆ ಸ್ಲೈಡನ್ನು ಹಿಡಿಯುವ ಕೆಲಸವೇ ಇಲ್ಲ. ಅದು ಸ್ಪ್ರಿಂಗಿಗೆ ಮರೆ, ಟಾರ್ಚ್ ಕಟ್ಟಲು ಜಾಗ, ಅಷ್ಟೇ. ಸ್ಲೈಡು ತೇಲುವುದು ಹಳಿಗಳ ಮೇಲೆ. ಮೂತಿಯನ್ನು ಅದು ಮುಟ್ಟಬಾರದೆಂದೇ ಸಂದು ಬಿಟ್ಟಿರುವುದು. ಖಾಲಿ ಪಿಸ್ತೂಲಿನ ಮೂತಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದರೆ ಅದು ಬಾಗಿ ಸ್ಲೈಡಿಗೆ ತಾಗುತ್ತದೆ, ಬಿಟ್ಟರೆ ಮರಳುತ್ತದೆ. ಮರಳಿತೆಂದರೆ ಎಲ್ಲವೂ ಸರಿಯಿದೆ.

ಸಂದು ಏಕೆ ಒಂದೇ ಸಮ ಇರುವುದಿಲ್ಲವೆಂಬುದಕ್ಕೆ ಕಾರಣ ಕುಗ್ಗುವಿಕೆಯಲ್ಲಿದೆ. ಏನೂ ಬೆರೆಸದ ನೈಲಾನ್ ತಣ್ಣಗಾಗುವಾಗ ಶೇಕಡ 1ರಿಂದ 1.5ರಷ್ಟು ಕುಗ್ಗುತ್ತದೆ. ಒಂದು ಗೇಣಿಗಿಂತ ತುಸು ಚಿಕ್ಕದಾದ ಫ್ರೇಮಿನಲ್ಲಿ ಇದು ಹತ್ತಿರ ಹತ್ತಿರ ಎರಡು ಮಿಲಿಮೀಟರ್. ಗಾಜಿನ ಎಳೆ ಬೆರೆಸಿದರೆ ಕುಗ್ಗುವುದು ಕಡಿಮೆಯಾಗುತ್ತದೆ, ಆದರೆ ಎಳೆಗಳು ಮಲಗಿದ ದಿಕ್ಕಿನಲ್ಲಿ ಒಂದು ರೀತಿ, ಅಡ್ಡಕ್ಕೆ ಇನ್ನೊಂದು ರೀತಿ ಕುಗ್ಗುತ್ತದೆ. ಅದರ ಮೇಲೆ ಒಂದು ಬದಿಯ ಗೋಡೆ ದಪ್ಪ, ಇನ್ನೊಂದು ಬದಿಯಲ್ಲಿ ಮ್ಯಾಗಝೀನ್ ಬಿಡಿಸುವ ಒತ್ತುಗುಂಡಿಗೆ ಕಿಂಡಿ. ಒಳಗೆ ಅಲ್ಲಲ್ಲಿ ಕುಗ್ಗದ ಉಕ್ಕಿನ ತುಂಡುಗಳು. ಉದ್ದಕ್ಕೆ ಚಾಚಿಕೊಂಡ, ಹಿಡಿದುಕೊಳ್ಳಲು ಇನ್ನೊಂದು ತುದಿಯಿಲ್ಲದ ಮೂತಿ ಎತ್ತಲಾದರೂ ಒಂದಿಷ್ಟು ವಾಲದೆ ಇರುವುದಾದರೂ ಹೇಗೆ? ಮೋಲ್ಡಿಂಗ್ ಬಲ್ಲ ಯಾರನ್ನು ಕೇಳಿದರೂ ಅದು ಅಷ್ಟು ನೆಟ್ಟಗೆ ಬಂದದ್ದೇ ಆಶ್ಚರ್ಯ ಎಂದಾರು. ಮೂತಿಯ ಕೆಳಗೆ ಟಾರ್ಚ್ ಕಟ್ಟಿ ಸ್ಕ್ರೂ ಬಿಗಿದಾಗ ಸಂದು ಬದಲಾಗುವುದೂ ಇದೇ ಬಾಗುವಿಕೆಯಿಂದ. ಟಾರ್ಚ್ ಕಟ್ಟಿದ ಮೇಲೂ ಖಾಲಿ ಪಿಸ್ತೂಲಿನ ಸ್ಲೈಡು ಸಲೀಸಾಗಿ ಓಡಿದರೆ ಸಾಕು, ಉಜ್ಜುವ ಸದ್ದು ಬಂದರೆ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಬೇಕು.

ದಪ್ಪಗಿರುವ ಕಡೆ, ಉದಾಹರಣೆಗೆ ಹಿಡಿಕೆಯ ಹಿಂಭಾಗದ ಮೇಲ್ತುದಿಯಲ್ಲಿ, ಬೆರಳಿಗೆ ಗೊತ್ತಾಗುವಂಥ ಆಳವಿಲ್ಲದ ಗುಳಿ ಕಂಡರೆ ಅದೂ ಕುಗ್ಗುವಿಕೆಯ ಫಲವೇ. ಹೊರಮೈ ಮೊದಲು ಗಟ್ಟಿಯಾಗಿ, ಒಳಗಿನದು ನಿಧಾನವಾಗಿ ತಣಿದು ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಸಿಂಕ್ ಮಾರ್ಕ್ ಎನ್ನುವ ಇದನ್ನು ಯಾರೋ ಪಿಸ್ತೂಲು ಕೆಳಗೆ ಹಾಕಿ ತಗ್ಗು ಮಾಡಿದ್ದಾರೆಂದು ತಿಳಿದು ಜಗಳವಾಗುವುದನ್ನು ಕೇಳಿದ್ದೇನೆ. ನೈಲಾನ್ ಬಿದ್ದರೆ ತಗ್ಗಾಗುವುದಿಲ್ಲ, ಗೀರಾಗುತ್ತದೆ. ತಗ್ಗು ಬಿದ್ದ ಕಡೆ ಮೇಲಿನ ಒರಟು ವಿನ್ಯಾಸ ಅಳಿಸದೆ ಹಾಗೆಯೇ ಇದ್ದರೆ ಅದು ಹುಟ್ಟಿನಿಂದ ಬಂದ ಗುಳಿ.

ಇಂಥ ಜಗಳಕ್ಕೆ ನಮ್ಮ ಕಡೆ ಒಂದು ಕಾಲವೂ ಇದೆ. ಚುನಾವಣೆ ಘೋಷಣೆಯಾದಾಗ ಪರವಾನಗಿ ಇರುವವರು ತಮ್ಮ ಆಯುಧಗಳನ್ನು ಠಾಣೆಯಲ್ಲಿಯೋ ಅಧಿಕೃತ ಬಂದೂಕು ವ್ಯಾಪಾರಿಯ ಬಳಿಯೋ ಒಪ್ಪಿಸಬೇಕಾಗುತ್ತದೆ. ವಾಪಸು ಪಡೆಯುವಾಗ, ತನ್ನದೇ ಆಯುಧವನ್ನು ಅಲ್ಲಿಯವರೆಗೆ ಎಂದೂ ಬೆಳಕಿಗೆ ಹಿಡಿದು ನೋಡಿರದ ಮನುಷ್ಯ, ಅಂದು ಮಾತ್ರ ತಿರುಗಿಸಿ ಮುರುಗಿಸಿ ನೋಡಿ, ಕೊಟ್ಟಾಗ ಈ ಗೆರೆ ಇರಲಿಲ್ಲ ಎನ್ನುತ್ತಾನೆ. ನಮ್ಮ ದೇಶದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ) ಆದ್ದರಿಂದ ಸಾಮಾನ್ಯರ ಕೈಯಲ್ಲಿರುವ ಪಿಸ್ತೂಲುಗಳು ಹೆಚ್ಚಾಗಿ .32, ಅದರಲ್ಲೂ ಹೆಚ್ಚಿನವು ಲೋಹದ ಮೈಯವು. ನಮ್ಮ ಜಿಲ್ಲೆಯ ರೈತರ ಮನೆಗಳಲ್ಲಂತೂ ಬೆಳೆ ಕಾಯಲೆಂದು ಪಡೆದ ಜೋಡಿನಳಿಗೆ ಬಂದೂಕುಗಳೇ. ಪಾಲಿಮರ್ ಮೈಯನ್ನು ಜನಸಾಮಾನ್ಯರು ಹತ್ತಿರದಿಂದ ನೋಡುವುದು ಏರ್ ಪಿಸ್ತೂಲುಗಳಲ್ಲಿ. .177 ಬೋರಿನೊಳಗೆ, 20 ಜೌಲ್ ಶಕ್ತಿಯೊಳಗೆ ಇರುವ ಅವಕ್ಕೆ ಪರವಾನಗಿಯ ಅಗತ್ಯವಿಲ್ಲದ್ದರಿಂದ ಗುರಿ ಅಭ್ಯಾಸ ಮಾಡುವ ಹುಡುಗರ ಕೈಯಲ್ಲಿ ಇರುತ್ತವೆ. ಅವುಗಳ ಮೈಮೇಲಿನ ಗೆರೆ, ಚುಕ್ಕೆ, ಗುಳಿಗಳಿಗೂ ಇಲ್ಲಿ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಆಯುಧ ಒಪ್ಪಿಸುವ ಮುನ್ನ ನಾಲ್ಕು ದಿಕ್ಕಿನಿಂದ ಫೋಟೊ ತೆಗೆದಿಟ್ಟುಕೊಂಡರೆ ಎರಡೂ ಕಡೆಯವರಿಗೆ ನೆಮ್ಮದಿ.

ಉಕ್ಕಿನ ಭಾಗಗಳ ಮೇಲೂ ಗಾಬರಿ ಹುಟ್ಟಿಸುವ ಗುರುತುಗಳು ಬರುತ್ತವೆ. ನಳಿಕೆಯ ಬಾಯಿಯ ಹತ್ತಿರ ಕಪ್ಪು ಹೋಗಿ ಅರ್ಧಚಂದ್ರದಂತೆ ಹೊಳಪು ಮೂಡುತ್ತದೆ. ನಳಿಕೆ ವಾಲಿ ಬೀಗ ಬಿಡುವಾಗ ಸ್ಲೈಡಿನ ರಂಧ್ರಕ್ಕೆ ತಾಗುವ ಜಾಗವದು. ಬಳಸುತ್ತಾ ಹೋದಂತೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಚರ್ಮದ ಅಥವಾ ಪ್ಲಾಸ್ಟಿಕ್ಕಿನ ಹೋಲ್‌ಸ್ಟರಿನಲ್ಲಿ ದಿನವೂ ಹೋಗಿ ಬರುವ ಪಿಸ್ತೂಲಿನ ಸ್ಲೈಡಿನ ಮೂಲೆಗಳು ಬೆಳ್ಳಗಾಗುವುದೂ ಹಾಗೆಯೇ. ಗ್ಲಾಕ್‌ನಂಥ ಪಿಸ್ತೂಲುಗಳಲ್ಲಿ ಉಕ್ಕಿಗೆ ಸಾರಜನಕವನ್ನು ಮೈಯೊಳಕ್ಕೆ ಇಳಿಸುವ ನೈಟ್ರೈಡಿಂಗ್ ಸಂಸ್ಕಾರ ಮಾಡಿರುತ್ತಾರೆ. ತುಕ್ಕಿನಿಂದ ಕಾಯುವುದು ಆ ಒಳಗಿನ ಪದರ, ಮೇಲಿನ ಕಪ್ಪಲ್ಲ. ಕಪ್ಪು ಹೋದರೂ ಕಾವಲು ಉಳಿದಿರುತ್ತದೆ. ಹಾಗೆಂದು ಬೆವರನ್ನು ಒರೆಸದೆ ಬಿಡಬಾರದು; ಚಿತ್ರದುರ್ಗ, ಚಳ್ಳಕೆರೆ ಕಡೆಯ ಒಣ ಹವೆಯಲ್ಲಿ ತುಕ್ಕಿನ ಭಯ ಮಲೆನಾಡಿನಷ್ಟಿಲ್ಲವಾದರೂ ಬೇಸಿಗೆಯ ಬಂದೋಬಸ್ತಿನಲ್ಲಿ ಸೊಂಟದ ಬೆವರು ಪಿಸ್ತೂಲಿನ ಮೇಲೆಯೇ ಇಳಿಯುತ್ತದೆ.

ತಾಮ್ರದ ಬಣ್ಣದ ಜಿಡ್ಡಿನ ಸಂಗತಿ ಹೇಳಿದೆನಲ್ಲ, ಅದು ಗ್ಲಾಕ್ ಕಾರ್ಖಾನೆಯಲ್ಲಿಯೇ ಸ್ಲೈಡಿನೊಳಗೆ ಹಚ್ಚಿ ಕಳುಹಿಸುವ ಗ್ರೀಸ್. ಹೊಸ ಭಾಗಗಳು ಒಂದಕ್ಕೊಂದು ಪಳಗುವವರೆಗೆ ಅದು ಇರಲೆಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಅದನ್ನು ತುಕ್ಕೆಂದು ತಿಳಿದು ಸೀಮೆಎಣ್ಣೆ ಹಾಕಿ ತಿಕ್ಕಿ ತೆಗೆಯುವವರಿದ್ದಾರೆ. ತುಕ್ಕು ಒಣಗಿರುತ್ತದೆ, ಬೆರಳಿಗೆ ಪುಡಿಯಾಗಿ ಹತ್ತುತ್ತದೆ. ಗ್ರೀಸ್ ಜಿಡ್ಡಾಗಿ ಹತ್ತುತ್ತದೆ. ಇಷ್ಟು ಸಾಕು ಗುರುತಿಸಲು.

ಒಣಗಿದ ಕೆಂಪು ಪುಡಿಯೇ ಸಿಕ್ಕಿತೆನ್ನಿ, ಆಗಲೂ ಅವಸರ ಬೇಡ. ಆಯುಧ ಪೂಜೆ ಆಗಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿರಿ. ಮಹಾನವಮಿಯ ದಿನ ಶಸ್ತ್ರಾಗಾರಗಳಲ್ಲಿ ಆಯುಧಗಳನ್ನು ಸಾಲಾಗಿ ಜೋಡಿಸಿ, ವಿಭೂತಿ, ಅರಿಶಿನ, ಕುಂಕುಮ, ಹೂವು ಏರಿಸಿ, ಕುಂಬಳಕಾಯಿ ಒಡೆಯುತ್ತಾರೆ. ಉಕ್ಕಿನ ಪಿಸ್ತೂಲಾದರೆ ಮರುದಿನ ಎಣ್ಣೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು. ಪಾಲಿಮರ್ ಹಿಡಿಕೆಯ ಮೈ ಒರಟಾಗಿರುವುದರಿಂದ ಕುಂಕುಮ ಆ ಕಾಳು ಕಾಳು ವಿನ್ಯಾಸದ ಬುಡದಲ್ಲಿ ಕುಳಿತುಕೊಳ್ಳುತ್ತದೆ, ಪಿನ್ನುಗಳ ಸುತ್ತಲಿನ ಸಂದಿನಲ್ಲಿ ಸೇರುತ್ತದೆ, ತಿಂಗಳ ನಂತರ ಅಲ್ಲಿಂದ ತುಕ್ಕಿನ ಪುಡಿಯಂತೆ ಉದುರುತ್ತದೆ. ನನ್ನ ಸೋದರಳಿಯನ ಪಿಸ್ತೂಲಿನಲ್ಲಿ ಟ್ರಿಗರ್ ಪಿನ್ನಿನ ಸುತ್ತ ಕಂಡ ಕೆಂಪು ಉಂಗುರ ಇದೇ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸಾಬೂನಿನ ನೀರು ಸೋಕಿಸಿ, ಬಿಚ್ಚಿದ ಫ್ರೇಮನ್ನು ಉಜ್ಜಿ, ಚೆನ್ನಾಗಿ ಒಣಗಿಸಿದರೆ ಹೋಗುತ್ತದೆ. ಅರಿಶಿನ ಮಾತ್ರ ಕಪ್ಪು ಫ್ರೇಮಿನಲ್ಲಿ ಕಾಣದಿದ್ದರೂ, ಮರಳಿನ ಬಣ್ಣದ ಫ್ರೇಮಿಗೆ ಬಿದ್ದರೆ ಸುಲಭಕ್ಕೆ ಬಿಡುವುದಿಲ್ಲ. ನೈಲಾನ್ ಬಟ್ಟೆಗೆ ಬಣ್ಣ ಹತ್ತುವ ಹಾಗೆಯೇ ಇದಕ್ಕೂ ಹತ್ತುತ್ತದೆ. ಕಲೆ ತೆಗೆಯಲೆಂದು ಶೌಚಾಲಯ ತೊಳೆಯುವ ಆಸಿಡ್ ಮುಟ್ಟಿಸುವ ಸಾಹಸವನ್ನು ಯಾರೂ ಮಾಡಬಾರದು. ಪೆಟ್ರೋಲು, ಎಣ್ಣೆಗಳಿಗೆ ಜಗ್ಗದ ನೈಲಾನ್ ಕಟುವಾದ ಆಮ್ಲಕ್ಕೆ ಸೋಲುತ್ತದೆ. ಹಳದಿ ಕಲೆ ಇದ್ದರೆ ಇರಲಿ, ಅದರಿಂದ ಗುರಿ ತಪ್ಪುವುದಿಲ್ಲ.

ಬಣ್ಣದ ಮಾತು ಬಂದುದರಿಂದ ಹೇಳುತ್ತೇನೆ, ಮರಳು ಬಣ್ಣದ ಪಿಸ್ತೂಲಿನಲ್ಲಿ ಫ್ರೇಮು ಒಂದು ಛಾಯೆ, ಮ್ಯಾಗಝೀನಿನ ತಳ ಇನ್ನೊಂದು ಛಾಯೆ, ಸ್ಲೈಡು ಮೂರನೆಯದು ಆಗಿರುವುದು ಸಾಮಾನ್ಯ. ಬೇರೆ ಬೇರೆ ದಿನ, ಬೇರೆ ಬೇರೆ ಬಣ್ಣದ ಲಾಟಿನಲ್ಲಿ ಹೊಯ್ದ ತುಣುಕುಗಳು ಒಂದೇ ಬಣ್ಣಕ್ಕೆ ಬರುವುದು ಕಷ್ಟ, ಲೋಹದ ಮೇಲಿನ ಬಣ್ಣವಂತೂ ಬೇರೆಯದೇ ಕ್ರಿಯೆ. ಕಪ್ಪು ಫ್ರೇಮಿಗೆ ಈ ಪೇಚಿಲ್ಲ. ಅದರಲ್ಲಿ ಬೆರೆಸಿದ ಕಾಡಿಗೆಯಂಥ ಇಂಗಾಲದ ಪುಡಿ ಬಿಸಿಲಿನ ಕಿರಣಗಳನ್ನೂ ತಡೆಯುವುದರಿಂದ ನಮ್ಮ ಏಪ್ರಿಲ್ ಬಿಸಿಲಿಗೂ ಬಣ್ಣ ಮಾಸುವುದಿಲ್ಲ. ಜೀಪಿನೊಳಗಿನ ಶಾಖಕ್ಕೆ ಫ್ರೇಮು ಕರಗೀತೆಂಬ ಅಂಜಿಕೆಯೂ ಬೇಡ. ನೈಲಾನ್ 6 ಕರಗಲು 220 ಡಿಗ್ರಿ ಬೇಕು. ಪಿಸ್ತೂಲನ್ನು ಜೀಪಿನಲ್ಲಿ ಬಿಟ್ಟು ಹೋಗಬಾರದೆಂಬುದು ಬೇರೆಯೇ ಕಾರಣಕ್ಕೆ.

ಮೂತಿಯ ಅಡಿಯಲ್ಲಿ ಸಂಖ್ಯೆ ಕೊರೆದ ಪುಟ್ಟ ಉಕ್ಕಿನ ಪಟ್ಟಿಯೊಂದು ಪ್ಲಾಸ್ಟಿಕ್ಕಿನಲ್ಲಿ ಹುದುಗಿರುತ್ತದೆ. ಅದು ತುಸು ಓರೆಯಾಗಿ ಕುಳಿತಿರಬಹುದು, ಒಂದಂಚಿನಲ್ಲಿ ಪ್ಲಾಸ್ಟಿಕ್ ಮೇಲೇರಿ ಬಂದಿರಬಹುದು, ಸುತ್ತ ಸಂದು ಕಾಣಬಹುದು. ಅಂದಕ್ಕೆ ಕುಂದು, ಅಷ್ಟೇ. ಆದರೆ ಅದನ್ನು ನೇರ ಮಾಡಲು, ಅಂಚನ್ನು ಕೆರೆಯಲು, ಸಂದಿಗೆ ಅಂಟು ತುಂಬಲು ಹೋಗುವುದು ದೊಡ್ಡ ತಪ್ಪು. ಗುರುತಿನ ಸಂಖ್ಯೆ ಅಳಿಸಿದ ಅಥವಾ ತಿದ್ದಿದ ಆಯುಧವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಬಲು ಕಟುವಾಗಿ ನೋಡುತ್ತದೆ. ನಾನು ಚಂದಗಾಣಿಸಲು ಹೋಗಿದ್ದೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದು ಕಷ್ಟ. ಪಾರ್ಟಿಂಗ್ ಲೈನನ್ನು ಉಪ್ಪುಕಾಗದದಿಂದ ಉಜ್ಜುವವರಿಗೂ ನನ್ನ ಮಾತು ಇದೇ. ಸರ್ಕಾರಿ ಆಯುಧವಾದರೆ ಅದು ನಿಮ್ಮ ಸೊತ್ತಲ್ಲ. ಏರ್ ಪಿಸ್ತೂಲಾದರೆ ನಿಮ್ಮಿಷ್ಟ, ಉಜ್ಜಿದ ಕಡೆ ಮೈ ಬೂದಾಗಿ ಗೆರೆಗಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆಂಬುದು ನೆನಪಿರಲಿ.

ನಿರುಪದ್ರವಿ ಗುರುತುಗಳ ಬಗ್ಗೆ ಇಷ್ಟು ಬರೆದ ಮೇಲೆ, ಯಾವುದನ್ನು ಕಡೆಗಣಿಸಬಾರದೆಂಬುದನ್ನೂ ಹೇಳಬೇಕಾಗುತ್ತದೆ. ಬಾಗಿಸಿದಾಗ ಗೆರೆ ಬಾಯಿ ಬಿಟ್ಟರೆ, ಅಥವಾ ಅದರ ಅಂಚು ಸುಣ್ಣದಂತೆ ಬಿಳಿಚಿಕೊಂಡರೆ, ಪ್ಲಾಸ್ಟಿಕ್ ತನ್ನ ಮಿತಿ ಮೀರಿ ಬಾಗಿದೆ ಎಂದರ್ಥ. ಉಕ್ಕಿನ ಹಳಿ ಹೊರಬರುವ ಜಾಗದಲ್ಲಿ, ಲಾಕಿಂಗ್ ಬ್ಲಾಕಿನ ಪಿನ್ನಿನ ಸುತ್ತ, ಸ್ಲೈಡು ಬಂದು ಬಡಿಯುವ ಕಡೆ ಹೊಸದಾಗಿ ಕಂಡ ಗೆರೆಯನ್ನು ವೆಲ್ಡ್ ಲೈನ್ ಇರಬಹುದೆಂದು ಬಿಟ್ಟುಬಿಡುವಂತಿಲ್ಲ. ನಾಲ್ಕು ಹಳಿಗಳಲ್ಲಿ ಒಂದು ಮುರಿದಿದ್ದರೆ ಅಥವಾ ಉಳಿದ ಮೂರಕ್ಕಿಂತ ಎದ್ದು ನಿಂತಿದ್ದರೆ, ಪಿನ್ನು ಪ್ರತಿ ಅಭ್ಯಾಸದ ನಂತರವೂ ಒಂದೇ ಬದಿಗೆ ಹೊರಬರುತ್ತಿದ್ದರೆ, ತೋಟಾ (ಗುಂಡು) ಒಳಗೇ ಸಿಡಿದ ಮೇಲೆ ಹಿಡಿಕೆ ಉಬ್ಬಿದಂತೆ ಕಂಡರೆ, ಆ ಪಿಸ್ತೂಲನ್ನು ಖಾಲಿ ಮಾಡಿ, ಬರೆದು, ಆರ್ಮರರ್ ಕೈಗೆ ಕೊಡಬೇಕು. ಸೋದರಳಿಯನ ಪಿಸ್ತೂಲಿನ ಗೆರೆಯ ಎರಡೂ ತುದಿಗೆ ಆರ್ಮರರ್ ಅವರು ಬಿಳಿ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಟ್ಟು, ಪುಸ್ತಕದಲ್ಲಿ ತಾರೀಖು ಬರೆದುಕೊಂಡರು. ಮುಂದಿನ ತಪಾಸಣೆಯಲ್ಲಿ ಗೆರೆ ಚುಕ್ಕೆ ದಾಟಿದ್ದರೆ ಆಗ ನನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ, ಫ್ರೇಮು ಕಂಪನಿಗೆ ವಾಪಸು ಎಂದು ಅವರು ನನ್ನ ಎದುರಿಗೇ ಅವನಿಗೆ ಹೇಳಿದರು.